ಆಣಿ ಎಂದು ಕೊಯ್ಯುವ ಮುನ್ನ

ಮಾನ್ಯ ಸಂಪಾದಕರಿಗೆ,

‘ಆಣಿ, ನರಹುಲಿ, ಮಚ್ಚೆ ಅರ್ಧ ಗಂಟೆಯಲ್ಲಿ ಮಾಯ, ನೋವಿಲ್ಲ, ಹೊಲಿಗೆಯಿಲ್ಲ’ ಎನ್ನುವ ಕರಪತ್ರಗಳು ಬೆಳಗಿನ ಪತ್ರಿಕೆಯ ಮಡಿಕೆಯೊಳಗೆ ಸೇರಿ ಮನೆಮನೆಗೆ ಬರುತ್ತಿವೆ. ಬಹುಪಾಲು ಆಣಿ ಆಣಿಯೇ, ಮಚ್ಚೆ ಮಚ್ಚೆಯೇ. ಕೊಯ್ದರೂ ಸುಟ್ಟರೂ ಕೇಡಿಲ್ಲ. ಆದರೆ ಎಲ್ಲೋ ಒಂದು ಹಾಗಿರುವುದಿಲ್ಲ. ಅಂಗಾಲು, ಅಂಗೈ, ಉಗುರಿನ ಬುಡದಲ್ಲಿ ಹುಟ್ಟುವ ಆ ಒಂದರ ಹೆಸರು ಅಕ್ರಲ್ ಮೆಲನೋಮಾ. ಅಪರೂಪದ್ದು, ಚರ್ಮದ ಕ್ಯಾನ್ಸರ್‌ಗಳಲ್ಲಿ ಬಲು ಬೇಗ ಹರಡುವಂಥದ್ದು. ಮೊದಲು ಬ್ಲೇಡು ಇಟ್ಟವರು ಯಾರು, ತೆಗೆದ ತುಣುಕು ಎಲ್ಲಿಗೆ ಹೋಯಿತು ಎಂಬುದರ ಮೇಲೆ ಈ ರೋಗದ ಮುಂದಿನ ಚಿಕಿತ್ಸೆಯೆಲ್ಲ ನಿಂತಿದೆ. ಅದಕ್ಕಾಗಿಯೇ ಈ ಪತ್ರ. ತುಸು ಉದ್ದವಾಗಿದೆ, ಕ್ಷಮಿಸಿ.

ಚರ್ಮಕ್ಕೆ ಬಣ್ಣ ಕೊಡುವ ಮೆಲನೊಸೈಟ್ ಎಂಬ ಕೋಶಗಳ ಕ್ಯಾನ್ಸರೇ ಮೆಲನೋಮಾ. ಬಿಳಿ ಚರ್ಮದವರಲ್ಲಿ ಇದಕ್ಕೆ ಮುಖ್ಯ ಕಾರಣ ಬಿಸಿಲು. ಆಸ್ಟ್ರೇಲಿಯಾದಲ್ಲಿ ವರ್ಷಕ್ಕೆ ಲಕ್ಷಕ್ಕೆ 30ಕ್ಕೂ ಹೆಚ್ಚು ಜನರಿಗೆ ಬಂದರೆ, ಭಾರತದಲ್ಲಿ ಲಕ್ಷಕ್ಕೆ ಒಬ್ಬರಿಗೂ ಬರುವುದಿಲ್ಲ. ‘ನಮ್ಮ ಮೈಬಣ್ಣದವರಿಗೆ ಚರ್ಮದ ಕ್ಯಾನ್ಸರ್ ಇಲ್ಲ’ ಎಂಬ ನಂಬಿಕೆ ಬೆಳೆದದ್ದು ಹೀಗೆ. ಕೆಲವು ವೈದ್ಯರೂ ಇದನ್ನೇ ಹೇಳುವುದುಂಟು. ಮೈಬಣ್ಣವು ಬಿಸಿಲಿನಿಂದ ಕಾಯುತ್ತದೆ, ನಿಜ. ಅಂಗಾಲಿಗೆ ಬಿಸಿಲೇ ಬೀಳದಿರುವಾಗ ಅದು ಯಾವುದರಿಂದ ಕಾಯಬೇಕು? ಅಮೆರಿಕದ 1986ರಿಂದ 2005ರವರೆಗಿನ ಕ್ಯಾನ್ಸರ್ ನೋಂದಣಿಯನ್ನು ನೋಡಿದರೆ, ಅಕ್ರಲ್ ಮೆಲನೋಮಾ ಬರುವ ಪ್ರಮಾಣ ಬಿಳಿಯರಲ್ಲೂ ಕಪ್ಪು ಜನರಲ್ಲೂ ಹೆಚ್ಚುಕಡಿಮೆ ಒಂದೇ, ವರ್ಷಕ್ಕೆ ಹತ್ತು ಲಕ್ಷಕ್ಕೆ ಇಬ್ಬರಿಗಿಂತ ಕಡಿಮೆ. ಬಿಳಿಯರಲ್ಲಿ ಬಿಸಿಲಿನ ಮೆಲನೋಮಾಗಳ ರಾಶಿಯ ನಡುವೆ ಇದು ಕಾಣಿಸುವುದಿಲ್ಲ. ನಮ್ಮಲ್ಲಿ ಆ ರಾಶಿಯೇ ಇಲ್ಲವಾದ್ದರಿಂದ ಬರುವ ಕೆಲವೇ ಮೆಲನೋಮಾಗಳಲ್ಲಿ ಕಾಲಿನವೇ ಎದ್ದು ಕಾಣುತ್ತವೆ.

ಬಿಸಿಲಲ್ಲದಿದ್ದರೆ ಕಾರಣವೇನು? ಆಸ್ಟ್ರೇಲಿಯಾದ ವಿಜ್ಞಾನಿಗಳು 2017ರಲ್ಲಿ ಮೆಲನೋಮಾಗಳ ಇಡೀ ಜೀನೋಮ್, ಅಂದರೆ ಕೋಶದ ಪೂರ್ತಿ ವಂಶವಾಹಿ ಬರಹ ಓದಿದಾಗ, ಅಕ್ರಲ್ ಬಗೆಯಲ್ಲಿ ಬಿಸಿಲಿನ ಗುರುತಾದ ಸಣ್ಣಪುಟ್ಟ ಬದಲಾವಣೆಗಳು ಕಡಿಮೆ ಇದ್ದವು, ವರ್ಣತಂತುಗಳ ತುಂಡುಗಳೇ ಮುರಿದು ಅಡ್ಡಾದಿಡ್ಡಿ ಸೇರಿದ್ದು ಹೆಚ್ಚು ಕಂಡಿತು. ಹಿಮ್ಮಡಿ, ಬೆರಳುಗಳ ಹಿಂದಿನ ದಿಂಡು, ಹೀಗೆ ಮೈಭಾರ ಬೀಳುವ ಜಾಗಗಳಲ್ಲೇ ಇದು ಹೆಚ್ಚೆಂದು 2016ರಲ್ಲಿ ಜಪಾನಿನ ವೈದ್ಯರು ತೋರಿಸಿದರು. ಒತ್ತಡಕ್ಕೂ ರೋಗಕ್ಕೂ ನಂಟಿದೆ ಎಂಬಷ್ಟೇ ಇದರರ್ಥ. ಬರಿಗಾಲಲ್ಲಿ ನಡೆದದ್ದರಿಂದ ಬಂತು, ಮುಳ್ಳು ಚುಚ್ಚಿದ್ದರಿಂದ ಬಂತು ಎಂದು ಯಾರನ್ನೂ ದೂರಲಾಗದು. ಎಡವಿದ್ದು, ಮುಳ್ಳು ಚುಚ್ಚಿದ್ದು ಬಹಳ ಸಲ ಮಾಡುವ ಕೆಲಸವೆಂದರೆ, ಅಲ್ಲೇ ಇದ್ದ ಕಪ್ಪನ್ನು ಮನೆಯವರ ಕಣ್ಣಿಗೆ ತರುವುದು.

ಈಗ ನೋಡುವ ಬಗೆ. ಅಂಗಾಲಿನ ಚರ್ಮ ಬೋದು ಕಟ್ಟಿದ ಹೊಲದ ಹಾಗಿದೆ. ಒಂದು ಬೋದು, ಒಂದು ಸಾಲು, ಬೆವರಿನ ರಂಧ್ರಗಳು ಬೋದಿನ ನೆತ್ತಿಯಲ್ಲಿ. ಸಾಧಾರಣ ಮಚ್ಚೆಯ ಬಣ್ಣ ಸಾಲಿನಲ್ಲಿ ಕೂರುತ್ತದೆ. ಮೆಲನೋಮಾದ್ದು ಬೋದಿನ ಮೇಲೆ, ಹೆಬ್ಬೆಟ್ಟಿಗೆ ಶಾಯಿ ಹಚ್ಚಿದಾಗ ಏಣುಗಳಿಗಷ್ಟೇ ಮೆತ್ತಿಕೊಳ್ಳುವ ಹಾಗೆ. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಡರ್ಮೊಸ್ಕೋಪ್ ಎಂಬ ಕೈದೀಪದಲ್ಲಿ ಇದು ಕಾಣುತ್ತದೆ. ಜಪಾನಿನ ತೊಶಿಯಾಕಿ ಸೈದಾ ತಂಡ 2004ರಲ್ಲಿ ಪ್ರಕಟಿಸಿದ ಲೆಕ್ಕದಂತೆ, ಮೆಲನೋಮಾ ಇದ್ದ ನೂರರಲ್ಲಿ 86ರಲ್ಲಿ ಈ ಬೋದಿನ ಗುರುತು ಸಿಕ್ಕಿತು. ಮೆಲನೋಮಾ ಅಲ್ಲದ ನೂರರಲ್ಲಿ 99ರಲ್ಲಿ ಅದು ಇರಲಿಲ್ಲ. ಗುರುತು ಸ್ಪಷ್ಟವಿಲ್ಲದಿದ್ದರೂ ಮಚ್ಚೆಯ ಅಗಲ 7 ಮಿಲಿಮೀಟರ್ ದಾಟಿದರೆ ತುಣುಕು ತೆಗೆದು ಪರೀಕ್ಷಿಸುವ ಬಯಾಪ್ಸಿ ಮಾಡಬೇಕೆಂಬುದು ಅವರದೇ ಸೂತ್ರ. 7 ಮಿ.ಮೀ. ಎಂದರೆ ಪೆನ್ಸಿಲ್ಲಿನ ಹಿಂಬದಿಯಷ್ಟು.

ಈ ದೀಪವೂ ಮೋಸಹೋಗುವ ಸಂದರ್ಭಗಳಿವೆ. ಕೂದಲಿಗೆ ಹಚ್ಚುವ ಕಪ್ಪು ಬಣ್ಣ, ಅದನ್ನು ಬೆರೆಸಿದ ‘ಕರಿ ಮೆಹಂದಿ’ ಇವು ಬೋದಿಗೇ ಅಂಟಿ ಮೆಲನೋಮಾದಂತೆಯೇ ಕಾಣುತ್ತವೆ. ಎರಡು ಮೂರು ವಾರ ಕಾದರೆ ಬಣ್ಣ ತಾನೇ ಸವೆದುಹೋಗುತ್ತದೆ. ಓಟ, ಕಬಡ್ಡಿ ಆಡುವವರ ಹಿಮ್ಮಡಿಯಲ್ಲಿ ಮೇಲುಪದರದೊಳಗೆ ರಕ್ತ ಹೆಪ್ಪುಗಟ್ಟಿ ಕಪ್ಪು ಚುಕ್ಕಿಗಳಾಗುತ್ತವೆ. ವೈದ್ಯರು ಸತ್ತ ಪದರವನ್ನು ಹೆರೆದರೆ ಚುಕ್ಕಿಯೂ ಅದರೊಡನೆ ಉದುರುತ್ತದೆ. ನರಹುಲಿಯಲ್ಲೂ ಕರಿ ಚುಕ್ಕಿಗಳಿರುತ್ತವೆ, ಹೆರೆದಾಗ ಸೂಜಿಮೊನೆಯಷ್ಟು ರಕ್ತ ಜಿನುಗುತ್ತದೆ. ಆಣಿಯ ನಡುವೆ ಗಾಜಿನಂತಹ ಗಟ್ಟಿ ತಿರುಳು ಸಿಗುತ್ತದೆ. ಹೆರೆದಷ್ಟೂ ಕಪ್ಪು ಕೆಳಗೆ ಉಳಿದೇ ಇದ್ದರೆ ಕೈ ಅಲ್ಲಿಗೇ ನಿಲ್ಲಬೇಕು.

ಎಲ್ಲ ಮೆಲನೋಮಾವೂ ಕಪ್ಪಲ್ಲ ಎಂಬುದು ಇನ್ನೊಂದು ತೊಡಕು. ಕೆಲವು ಕೆಂಪಗೆ, ಹಸಿಮಾಂಸದಂತೆ ಉಬ್ಬಿ, ಮುಟ್ಟಿದರೆ ರಕ್ತ ಬರುವಂತಿರುತ್ತವೆ. ಸಕ್ಕರೆ ಕಾಯಿಲೆ ಇದ್ದವರಲ್ಲಿ ಇದನ್ನು ‘ಶುಗರ್ ಹುಣ್ಣು’ ಎಂದು ತಿಂಗಳುಗಟ್ಟಲೆ ಡ್ರೆಸಿಂಗ್ ಮಾಡಿ ಮಾಡಿ ರೋಗ ತೊಡೆಸಂದಿಗೆ ಏರಿರುತ್ತದೆ. ಸಕ್ಕರೆ ಹತೋಟಿಯಲ್ಲಿದ್ದು, ಕಾಲಿನ ನಾಡಿ ಸರಿಯಾಗಿ ಬಡಿಯುತ್ತಿದ್ದು, ಹುಣ್ಣಿನ ಮೇಲೆ ಭಾರ ಬೀಳದಂತೆ ನೋಡಿಕೊಂಡೂ ನಾಲ್ಕಾರು ವಾರಗಳಲ್ಲಿ ಅದು ಕಿರಿದಾಗದಿದ್ದರೆ ಅಂಚಿನಿಂದ ಒಂದು ತುಣುಕು ಲ್ಯಾಬಿಗೆ ಹೋಗಲೇಬೇಕು. ಹುಣ್ಣಿನ ಸುತ್ತ ಮಸಿ ಚೆಲ್ಲಿದಂತೆ ಎಲ್ಲಾದರೂ ಕಪ್ಪಿದೆಯೇ ಎಂದು ಹುಡುಕುವುದು ಒಳ್ಳೆಯ ಅಭ್ಯಾಸ.

ಉಗುರಿನ ವಿಷಯ ಬೇರೆ. ಕಂದು ಮೈಬಣ್ಣದವರ ಉಗುರುಗಳಲ್ಲಿ ಉದ್ದುದ್ದ ಕಂದು ಗೆರೆಗಳಿರುವುದು ಸಾಮಾನ್ಯ, ಹಲವು ಉಗುರುಗಳಲ್ಲಿ ಒಟ್ಟಿಗೇ ಇದ್ದರೆ ಹೆದರಬೇಕಿಲ್ಲ. ಬಿ12 ಕೊರತೆಯಿಂದಲೂ ಹೈಡ್ರಾಕ್ಸಿಯೂರಿಯಾ, ಜಿಡೊವುಡಿನ್‌ನಂತಹ ಮಾತ್ರೆಗಳಿಂದಲೂ ಬರುತ್ತವೆ. ಸಂಶಯ ಪಡಬೇಕಾದದ್ದು ಒಂದೇ ಉಗುರಿನಲ್ಲಿ, ಅದರಲ್ಲೂ ಕೈ ಅಥವಾ ಕಾಲಿನ ಹೆಬ್ಬೆರಳಿನಲ್ಲಿ, ನಡುವಯಸ್ಸು ದಾಟಿದ ಮೇಲೆ ಹೊಸದಾಗಿ ಮೂಡಿದ ಗೆರೆಯನ್ನು. ಅಗಲ 3 ಮಿ.ಮೀ. ಮೀರಿದ್ದು, ಬುಡದ ಕಡೆ ಅಗಲವಾಗಿ ತುದಿಯ ಕಡೆ ಕಿರಿದಾಗಿದ್ದರೆ ಗೆರೆ ಬೆಳೆಯುತ್ತಿದೆ ಎಂದೇ ಲೆಕ್ಕ, ಏಕೆಂದರೆ ತುದಿಯಲ್ಲಿರುವುದು ಹಳೆಯ ಉಗುರು, ಬುಡದ್ದು ಈಚಿನದು. ಕಪ್ಪು ಉಗುರನ್ನು ದಾಟಿ ಅದರ ಬುಡದ ಅಥವಾ ಪಕ್ಕದ ಚರ್ಮಕ್ಕೆ ಹರಡಿದ್ದರೆ ಅದು ಹಚಿನ್‌ಸನ್ ಗುರುತು, ತಡಮಾಡುವ ಹಾಗೇ ಇಲ್ಲ. ಉಗುರು ಸೀಳಿ, ಅಡಿಯಲ್ಲಿ ಗಂಟು ಎದ್ದು, ಕೀವಿಲ್ಲದ ‘ಉಗುರುಸುತ್ತು’ ವಾಸಿಯಾಗದಿದ್ದರೂ ಅಷ್ಟೆ. ಗಾಯಕ ಬಾಬ್ ಮಾರ್ಲಿಗೆ 1977ರಲ್ಲಿ ಕಾಲಿನ ಹೆಬ್ಬೆರಳಿನ ಉಗುರಿನಡಿ ಪತ್ತೆಯಾದದ್ದು ಇದೇ ಕ್ಯಾನ್ಸರ್. ಮೊದಲು ಎಲ್ಲರೂ ಅದನ್ನು ಫುಟ್‌ಬಾಲ್ ಪೆಟ್ಟು ಎಂದುಕೊಂಡಿದ್ದರು. 1981ರಲ್ಲಿ ತೀರಿಕೊಂಡಾಗ ಆತನಿಗೆ 36.

ಪೆಟ್ಟಿನಿಂದ ಉಗುರಿನಡಿ ಕಟ್ಟಿದ ರಕ್ತವೋ ಅಲ್ಲವೋ ಎಂದು ತಿಳಿಯಲು ದುಬಾರಿ ಪರೀಕ್ಷೆ ಬೇಡ. ಕಪ್ಪು ಎಲ್ಲಿ ಶುರುವಾಗಿದೆಯೋ ಅಲ್ಲಿ ಉಗುರಿನ ಮೇಲೆ ಅಡ್ಡಲಾಗಿ ಒಂದು ಗೀರು ಹಾಕಿ, ತಾರೀಖಿನೊಂದಿಗೆ ಮೊಬೈಲಿನಲ್ಲಿ ಫೋಟೊ ತೆಗೆದಿಡಿ. ಕೈಯುಗುರು ತಿಂಗಳಿಗೆ ಸುಮಾರು 3 ಮಿ.ಮೀ., ಕಾಲುಗುರು ಒಂದೂವರೆ ಮಿ.ಮೀ. ಬೆಳೆಯುತ್ತದೆ. ರಕ್ತವಾದರೆ ಗೀರಿನ ಜತೆ ಮುಂದೆ ಸರಿದು ಹಿಂದೆ ಸ್ವಚ್ಛ ಉಗುರು ಕಾಣುತ್ತದೆ. ಗೀರು ಮುಂದೆ ಹೋಗಿ ಕಪ್ಪು ಬುಡದಲ್ಲೇ ಕುಳಿತಿದ್ದರೆ ಎರಡನೆಯ ತಿಂಗಳಿಗೆ ಕಾಯಬೇಡಿ. ಇಂಥ ಉಗುರಿನ ತುದಿ ಕತ್ತರಿಸಿ ಲ್ಯಾಬಿಗೆ ಕಳಿಸಿ ‘ಕ್ಯಾನ್ಸರ್ ಇಲ್ಲ’ ಎಂಬ ವರದಿ ತಂದುಕೊಂಡು ನಿರಾಳವಾಗುವವರಿದ್ದಾರೆ. ತುದಿಯಲ್ಲಿ ಸಿಗುವುದು ಬಣ್ಣವೋ ಬೂಷ್ಟೋ ಅಷ್ಟೆ. ರೋಗ ಇರುವುದು ಉಗುರು ಹುಟ್ಟುವ ಬೇರಿನಲ್ಲಿ, ಬುಡದ ಚರ್ಮವನ್ನು ಹಿಂದಕ್ಕೆ ಮಡಚಿ ಅಲ್ಲಿಂದಲೇ ತುಣುಕು ತೆಗೆಯಬೇಕು. ಎಲ್ಲರೂ ಕಲಿತ ಕೈಚಳಕವಲ್ಲ ಅದು. ಗೊತ್ತಿದ್ದವರ ಬಳಿಗೆ ಕಳಿಸುವುದರಲ್ಲಿ ಅವಮಾನವೇನಿಲ್ಲ.

ಇನ್ನು ತಪ್ಪುಗಳ ಮಾತು. ಮನೆಯಲ್ಲಿ ಕಳ್ಳಿಹಾಲು, ಸುಣ್ಣ, ಗೇರೆಣ್ಣೆ. ಮೆಡಿಕಲ್ ಅಂಗಡಿಯಲ್ಲಿ ಕಾರ್ನ್ ಕ್ಯಾಪ್ ಎಂಬ ಅಂಟುಪಟ್ಟಿ. ಈ ಅಂಟುಪಟ್ಟಿಯಲ್ಲಿರುವ ಸ್ಯಾಲಿಸಿಲಿಕ್ ಆಸಿಡ್ ಮೇಲುಪದರವನ್ನು ಬೆಳ್ಳಗೆ ನೆನೆಸಿ, ಕೆಳಗಿನ ಬಣ್ಣವನ್ನು ಮರೆಮಾಡುತ್ತದೆ. ಎರಡು ಪಟ್ಟಿ ಹಾಕಿಯೂ ಹೋಗದ ‘ಆಣಿ’ಗೆ ಮೂರನೆಯದು ಬೇಡ. ಆಮೇಲಿನದು ಕ್ಲಿನಿಕ್ಕಿನ ಕಾಟರಿ, ರೇಡಿಯೊಫ್ರೀಕ್ವೆನ್ಸಿ, ಲೇಸರ್, ದ್ರವ ಸಾರಜನಕ. ಇವು ಮಚ್ಚೆಯನ್ನು ಸುಟ್ಟೋ ಹೆಪ್ಪುಗಟ್ಟಿಸಿಯೋ ಕೊಲ್ಲುತ್ತವೆ, ಪರೀಕ್ಷೆಗೆ ಏನೂ ಉಳಿಯುವುದಿಲ್ಲ. ಮೇಲೆ ಚರ್ಮ ಕೂಡಿಕೊಂಡು ವಾಸಿಯಾದಂತೆ ಕಾಣುತ್ತದೆ. ಅಡಿಯಲ್ಲಿ ಉಳಿದ ಕೋಶಗಳು ಬೆಳೆಯುತ್ತಲೇ ಇದ್ದು, ಕಲೆಯ ಅಂಚಿನಲ್ಲಿ ಮತ್ತೆ ಕಪ್ಪು ಮೂಡುವಷ್ಟರಲ್ಲಿ ಮೂಲದ ಲೆಕ್ಕ ಕಳೆದುಹೋಗಿರುತ್ತದೆ.

ಯಾವ ಲೆಕ್ಕ? ದಪ್ಪದ್ದು. ಅಮೆರಿಕದ ಪೆಥಾಲಜಿಸ್ಟ್ ಅಲೆಕ್ಸಾಂಡರ್ ಬ್ರೆಸ್ಲೊ 1970ರಲ್ಲಿ ತೋರಿಸಿಕೊಟ್ಟದ್ದಿಷ್ಟು: ಮೆಲನೋಮಾ ಎಷ್ಟು ಅಗಲಕ್ಕೆ ಹರಡಿದೆ ಎಂಬುದಕ್ಕಿಂತ ಚರ್ಮದೊಳಗೆ ಎಷ್ಟು ಮಿಲಿಮೀಟರ್ ಇಳಿದಿದೆ ಎಂಬುದೇ ರೋಗಿಯ ಗತಿಯನ್ನು ಹೇಳುತ್ತದೆ. ಇಂದಿಗೂ ಹಂತ ನಿರ್ಣಯ ಇದರ ಮೇಲೆಯೇ: 1, 2, 4 ಮಿ.ಮೀ. ಎಂಬ ಮೂರು ಗಡಿಗಳು, ಜತೆಗೆ ಮೇಲ್ಮೈ ಹುಣ್ಣಾಗಿದೆಯೇ ಎಂಬುದು. ಮಚ್ಚೆಯನ್ನು ಮೇಲುಮೇಲೆ ಸವರಿ ತೆಗೆದಿದ್ದರೆ ಪೆಥಾಲಜಿಸ್ಟ್ ‘ಕನಿಷ್ಠ 0.7 ಮಿ.ಮೀ., ಕೆಳಗಿನ ಅಂಚು ಕತ್ತರಿಸಿಹೋಗಿದೆ’ ಎಂದಷ್ಟೇ ಬರೆಯಬಲ್ಲರು. ಆ ‘ಕನಿಷ್ಠ’ ಎಂಬ ಪದದ ಹಿಂದೆ 1 ಇರಬಹುದು, 5 ಇರಬಹುದು. ಅಂಗಾಲಿನಲ್ಲಂತೂ ಹೊರಪದರವೇ ಸುಮಾರು ಒಂದೂವರೆ ಮಿ.ಮೀ. ದಪ್ಪ. ಸವರಿದ ಬ್ಲೇಡಿಗೆ ಬರಿ ಸತ್ತ ಚರ್ಮ ಸಿಕ್ಕಿ, ‘ರೋಗವಿಲ್ಲ’ ಎಂಬ ಸುಳ್ಳು ಸಮಾಧಾನವೂ ಸಿಗಬಹುದು.

ಆದ್ದರಿಂದ ಬಯಾಪ್ಸಿ ಹೀಗಿರಲಿ. ಮಚ್ಚೆ ಚಿಕ್ಕದಾಗಿದ್ದರೆ ಸುತ್ತ 1ರಿಂದ 3 ಮಿ.ಮೀ. ಬಿಟ್ಟು, ಕೆಳಗೆ ಕೊಬ್ಬು ಕಾಣುವವರೆಗೆ ಇಡಿಯಾಗಿ ತೆಗೆಯುವುದು. ದೊಡ್ಡದಾಗಿದ್ದರೆ ಅತಿ ದಪ್ಪಗೆ ಅಥವಾ ಅತಿ ಕಪ್ಪಗೆ ಇರುವ ಕಡೆ ಪೂರ್ಣ ಆಳದ ತುಣುಕು, ಬೇಕಿದ್ದರೆ ಎರಡು ಕಡೆ. ಮೊದಲೇ ಅಗಲವಾಗಿ ಕೊಯ್ದು ಚರ್ಮ ಎಳೆದು ಮುಚ್ಚಬಾರದು, ಮುಂದಿನ ಶಸ್ತ್ರಚಿಕಿತ್ಸೆಗೂ ರೋಗ ಮೊದಲು ತಲುಪುವ ಗ್ರಂಥಿ ಹುಡುಕುವುದಕ್ಕೂ ಅದು ಅಡ್ಡಿ. ಕಾಟರಿ ಬಳಸಿ ಕೊಯ್ದರೆ ಅಂಚು ಕರಿದುಹೋಗಿ ಓದಲಾಗದು. ತುಣುಕು ಅಗಲ ಬಾಯಿಯ ಡಬ್ಬಿಯಲ್ಲಿ, ತನ್ನ ಗಾತ್ರದ ಹತ್ತು ಪಟ್ಟಾದರೂ 10% ಫಾರ್ಮಲಿನ್‌ನಲ್ಲಿ ಮುಳುಗಿರಬೇಕು. ಸಲೈನ್‌ನಲ್ಲಿ ಹಾಕಿ ಬಸ್ಸಿನಲ್ಲಿ ಕಳಿಸಿದ ತುಣುಕು ಕೊಳೆತು ತಲುಪುತ್ತದೆ. ಫಾರಂನಲ್ಲಿ ‘ಚರ್ಮದ ಗಂಟು’ ಎಂದು ಬರೆದರೆ ಸಾಲದು. ಯಾವ ಕಾಲು, ಯಾವ ಜಾಗ, ಎಷ್ಟು ದಿನದ್ದು, ಮೊದಲು ಏನೇನು ಹಚ್ಚಿ ಸುಟ್ಟಿದ್ದಾರೆ, ‘ಮೆಲನೋಮಾ ಸಂಶಯ’ ಇವೆಲ್ಲ ಇರಬೇಕು. ಸೂಜಿ ಚುಚ್ಚಿ ಕೋಶ ಎಳೆಯುವ ಎಫ್‌ಎನ್‌ಎಸಿ ಮೂಲ ಮಚ್ಚೆಗೆ ಸಲ್ಲದು, ಅದು ದಪ್ಪ ಹೇಳಲಾರದು. ತೊಡೆಸಂದಿಯ ಗಡ್ಡೆಗಾದರೆ ಅದೇ ಮೊದಲ ಪರೀಕ್ಷೆ.

ಲ್ಯಾಬಿನವರಿಗೂ ಒಂದು ಮಾತು. ಎಸ್–100, ಎಸ್‌ಒಎಕ್ಸ್–10, ಮೆಲಾನ್–ಎ, ಎಚ್‌ಎಂಬಿ–45 ಎಂಬ ಮೆಲನೋಮಾ ಗುರುತುಗಳಿಗೆ ಬಣ್ಣಗಟ್ಟುವಾಗ ರೂಢಿಯ ಕಂದು ಬಣ್ಣ ಚರ್ಮದ ಬಣ್ಣದ ದ್ರವ್ಯವಾದ ಮೆಲನಿನ್‌ನ ಕಂದಿನಲ್ಲಿ ಕಲಸಿಹೋಗುತ್ತದೆ. ಕೆಂಪು ಬಣ್ಣ ಬಳಸಿದರೆ ಅಥವಾ ಮೆಲನಿನ್ ಬ್ಲೀಚ್ ಮಾಡಿಕೊಂಡರೆ ಗೊಂದಲವಿಲ್ಲ. ವರದಿಯಲ್ಲಿ ಬ್ರೆಸ್ಲೊ ದಪ್ಪ ಮಿಲಿಮೀಟರಿನ ಹತ್ತನೇ ಒಂದರವರೆಗೆ, ಹುಣ್ಣು ಇದೆಯೋ ಇಲ್ಲವೋ, ಅಂಚು ಮತ್ತು ತಳ ಸ್ವಚ್ಛವೋ ಇಲ್ಲವೋ, ಸುತ್ತ ಮೂಲ ಗಡ್ಡೆಯಿಂದ ಚದುರಿದ ಪುಟ್ಟ ಗಂಟುಗಳಿವೆಯೋ ಎಂಬ ಇಷ್ಟೂ ಇಲ್ಲದಿದ್ದರೆ ಶಸ್ತ್ರವೈದ್ಯರು ಅದನ್ನು ವಾಪಸ್ ಕಳಿಸಿ ಕೇಳಬೇಕು.

ಶಸ್ತ್ರಚಿಕಿತ್ಸೆ ಎಂದೊಡನೆ ‘ಕಾಲು ತೆಗೆಯುತ್ತಾರೆ’ ಎಂದು ಹೆದರಿ ನಾಟಿ ಔಷಧಿಯ ದಾರಿ ಹಿಡಿಯುವವರು ಬಹಳ. ಅಂಗಾಲಿನ ರೋಗಕ್ಕೆ ಸಾಮಾನ್ಯವಾಗಿ ಕಾಲು ತೆಗೆಯುವುದಿಲ್ಲ. ದಪ್ಪ 1 ಮಿ.ಮೀ. ಒಳಗಿದ್ದರೆ ಸುತ್ತ 1 ಸೆಂಟಿಮೀಟರ್, 1ರಿಂದ 2 ಇದ್ದರೆ 1–2 ಸೆಂ.ಮೀ., ಅದಕ್ಕೂ ಮೀರಿದರೆ 2 ಸೆಂ.ಮೀ. ಆರೋಗ್ಯವಂತ ಚರ್ಮ ಸೇರಿಸಿ ತೆಗೆಯುತ್ತಾರೆ. ತೆಗೆದ ಜಾಗದ ಕುಳಿಗೆ ತೊಡೆಯ ಚರ್ಮದ ಕಸಿ ಹಾಕುವುದುಂಟು. ಭಾರ ಬೀಳುವ ಹಿಮ್ಮಡಿಗೆ ಕಸಿ ಬೇಗ ಸವೆಯುವುದರಿಂದ ಅಂಗಾಲಿನದೇ ಒಳಕಮಾನಿನ ಚರ್ಮವನ್ನು ರಕ್ತನಾಳದೊಂದಿಗೆ ತಿರುಗಿಸಿ ಮುಚ್ಚುವುದು ಲೇಸು. ಉಗುರಿನ ರೋಗ ಒಳಗೆ ಇಳಿಯದೆ ಮೇಲುಪದರದಲ್ಲೇ ಇದ್ದರೆ ಉಗುರು ಹುಟ್ಟುವ ಭಾಗವನ್ನಷ್ಟೇ ತೆಗೆದು ಬೆರಳು ಉಳಿಸಬಹುದು. ಆಳಕ್ಕೆ ಇಳಿದಿದ್ದರೆ ಬೆರಳಿನ ಒಂದೋ ಎರಡೋ ಗೆಣ್ಣು ಹೋಗುತ್ತದೆ.

ದಪ್ಪ 0.8 ಮಿ.ಮೀ. ದಾಟಿದರೆ ತೊಡೆಸಂದಿಯ ‘ಕಾವಲು ಗ್ರಂಥಿ’ ನೋಡಬೇಕಾಗುತ್ತದೆ. ಮಚ್ಚೆಯ ಸುತ್ತ ವಿಕಿರಣ ಸೂಸುವ ಟೆಕ್ನೀಷಿಯಂ ಮತ್ತು ನೀಲಿ ಬಣ್ಣ ಚುಚ್ಚಿ, ಅದು ಮೊದಲು ತಲುಪುವ ಒಂದೆರಡು ಗ್ರಂಥಿಗಳನ್ನಷ್ಟೇ ತೆಗೆದು ಪರೀಕ್ಷಿಸುವುದು. ಅದರಲ್ಲಿ ರೋಗ ಸಿಕ್ಕಿದರೆ ಹಿಂದೆಲ್ಲ ತೊಡೆಸಂದಿಯ ಎಲ್ಲ ಗ್ರಂಥಿಗಳನ್ನೂ ಬಳಿದು ತೆಗೆಯುತ್ತಿದ್ದರು, ಕಾಲು ಆನೆಕಾಲಿನಂತೆ ಊದಿ ಉಳಿಯುತ್ತಿತ್ತು. ಹಾಗೆ ಮಾಡಿದರೂ ಆಯುಷ್ಯ ಹೆಚ್ಚುವುದಿಲ್ಲ, ಅಲ್ಟ್ರಾಸೌಂಡ್ ಮಾಡುತ್ತ ಕಣ್ಣಿಟ್ಟರೆ ಸಾಕು ಎಂದು 2017ರ ಎಂಎಸ್‌ಎಲ್‌ಟಿ–2 ಅಧ್ಯಯನ ತೋರಿಸಿತು.

ತೊಡೆಸಂದಿಯಲ್ಲಿ ಕೈಗೆ ಸಿಗುವಷ್ಟು ಗಡ್ಡೆ ಬೆಳೆದಿದ್ದರೆ ಕ್ರಮವೇ ಈಗ ತಿರುಗಿದೆ. 2023ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನದಲ್ಲಿ ಪೆಂಬ್ರೊಲಿಜುಮ್ಯಾಬ್ ಎಂಬ ಇಮ್ಯುನೊಥೆರಪಿ (ದೇಹದ ರಕ್ಷಣಾ ಕೋಶಗಳನ್ನೇ ರೋಗದ ಮೇಲೆ ಎಬ್ಬಿಸುವ) ಔಷಧಿಯ ಮೂರು ಡೋಸ್ ಕೊಟ್ಟು ಆಮೇಲೆ ಶಸ್ತ್ರಚಿಕಿತ್ಸೆ ಮಾಡಿದವರಲ್ಲಿ ಎರಡು ವರ್ಷದ ನಂತರ 72% ಮಂದಿ ರೋಗ ಮರುಕಳಿಸದೆ ಇದ್ದರು. ಮೊದಲು ಕೊಯ್ದು ಆಮೇಲೆ ಔಷಧಿ ಕೊಟ್ಟವರಲ್ಲಿ 49%. ಗಡ್ಡೆ ಇದ್ದಾಗಲೇ ಔಷಧಿ ಕೊಟ್ಟರೆ ದೇಹದ ರಕ್ಷಣಾ ಕೋಶಗಳಿಗೆ ಶತ್ರುವಿನ ಪೂರ್ತಿ ಪರಿಚಯವಾಗುತ್ತದೆ ಎಂಬುದು ಇದರ ಹಿಂದಿನ ವಿಚಾರ. ಅಂದರೆ ತೊಡೆಸಂದಿಯ ಗಡ್ಡೆಯನ್ನು ತಾಲ್ಲೂಕು ಮಟ್ಟದಲ್ಲಿ ‘ಚಿಕ್ಕ ಆಪರೇಷನ್’ ಎಂದು ತೆಗೆದುಬಿಡುವುದು ಈಗ ಇನ್ನೂ ದೊಡ್ಡ ತಪ್ಪು.

ಔಷಧಿಗಳ ಬಗ್ಗೆ ಆಸೆ ಹುಟ್ಟಿಸುವ ಸುದ್ದಿಗಳು ಬಹಳ ಬರುತ್ತಿವೆ. ಅವುಗಳ ಅಂಕಿಗಳು ಹೆಚ್ಚಾಗಿ ಬಿಳಿಯರ ಬಿಸಿಲಿನ ಮೆಲನೋಮಾದ್ದು ಎಂಬುದು ನೆನಪಿರಲಿ. ಬಿಸಿಲಿನ ರೋಗದಲ್ಲಿ ಜೀನ್ ಬದಲಾವಣೆಗಳು ಸಾವಿರಾರು, ಹಾಗಾಗಿ ರಕ್ಷಣಾ ಕೋಶಗಳಿಗೆ ಗುರುತು ಹಿಡಿಯಲು ಸುಲಭ. ಅಕ್ರಲ್‌ನಲ್ಲಿ ಅವು ಕಡಿಮೆ, ಇಮ್ಯುನೊಥೆರಪಿಗೆ ಬಗ್ಗುವುದೂ ಕಡಿಮೆ. ಬಿಆರ್‌ಎಎಫ್ ಜೀನ್ ಬದಲಾವಣೆ ಬಿಸಿಲಿನ ಬಗೆಯಲ್ಲಿ ಸುಮಾರು ಅರ್ಧದಷ್ಟು ಜನರಲ್ಲಿದ್ದರೆ ಇಲ್ಲಿ ಐದರಲ್ಲಿ ಒಬ್ಬರಿಗೂ ಕಷ್ಟ. ಇದ್ದವರಿಗೆ ಡಬ್ರಾಫೆನಿಬ್ ಮತ್ತು ಟ್ರಾಮೆಟಿನಿಬ್ ಮಾತ್ರೆಗಳಿವೆ. ಕೆಐಟಿ ಜೀನ್ ಬದಲಾಗಿದ್ದರೆ ರಕ್ತ ಕ್ಯಾನ್ಸರ್‌ಗೆ ಕೊಡುವ ಇಮ್ಯಾಟಿನಿಬ್ ಕೆಲವರಿಗೆ ಫಲ ಕೊಡುತ್ತದೆ. ಬೆಲೆಯಲ್ಲಿ ಇದು ಕೈಗೆಟಕುವಂಥದ್ದು, ಪರೀಕ್ಷೆ ಮಾಡಿಸದೆ ಬಿಡಬಾರದು. ಹಳೆಯ ಡಕಾರ್ಬಜಿನ್ ಕೀಮೊಗೆ ಗಡ್ಡೆ ಕುಗ್ಗುವುದು ಹತ್ತರಲ್ಲಿ ಒಬ್ಬಿಬ್ಬರಿಗೆ ಮಾತ್ರ. ಪೆಂಬ್ರೊಲಿಜುಮ್ಯಾಬ್‌ಗೆ 2023ರಲ್ಲಿ ಮೂಲ ಕಸ್ಟಮ್ಸ್ ಸುಂಕ ಮನ್ನಾ ಆದರೂ ಮೂರು ವಾರಕ್ಕೊಮ್ಮೆಯ ಡೋಸ್‌ನ ಲೆಕ್ಕ ಇನ್ನೂ ಲಕ್ಷಗಳಲ್ಲೇ ಇದೆ. ಬಾಯಿ, ಗಂಟಲಿನ ಕ್ಯಾನ್ಸರ್‌ಗೆ ಮುಂಬೈಯ ಟಾಟಾ ಸ್ಮಾರಕ ಆಸ್ಪತ್ರೆಯವರು ಇದೇ ಬಗೆಯ ನಿವೊಲುಮ್ಯಾಬ್ ಎಂಬ ಔಷಧಿಯ 20 ಮಿಲಿಗ್ರಾಂ ಕಡಿಮೆ ಡೋಸ್‌ನಿಂದ ಒಳ್ಳೆಯ ಫಲ ಕಂಡಿದ್ದಾರೆ. ಅದನ್ನು ಮೆಲನೋಮಾಗೆ ಹಾಗೆಯೇ ಅನ್ವಯಿಸುವುದು ಅವಸರವಾದೀತು.

ಇಮ್ಯುನೊಥೆರಪಿ ಪಡೆದು ಊರಿಗೆ ಮರಳಿದವರಿಗೆ ಭೇದಿ ಶುರುವಾದರೆ ಊರಿನ ಡಾಕ್ಟರು ಅದನ್ನು ಊಟದ ದೋಷವೆಂದು ತಿಳಿಯಬಾರದು. ಕೆರಳಿದ ರಕ್ಷಣಾ ಕೋಶಗಳು ಕರುಳು, ಶ್ವಾಸಕೋಶ, ಯಕೃತ್ತು, ಥೈರಾಯ್ಡ್ ಮೇಲೆ ಎರಗುತ್ತವೆ, ಕೊನೆಯ ಡೋಸ್ ಆಗಿ ತಿಂಗಳುಗಳ ಮೇಲೂ. ತೀವ್ರ ಭೇದಿಗೆ ಆಗ ಬೇಕಾದದ್ದು ಪ್ರತಿ ಕಿಲೋ ತೂಕಕ್ಕೆ 1–2 ಮಿಲಿಗ್ರಾಂ ಲೆಕ್ಕದಲ್ಲಿ ಪ್ರೆಡ್ನಿಸೊಲೋನ್ ಎಂಬ ಸ್ಟಿರಾಯ್ಡ್, ಚಿಕಿತ್ಸೆ ಕೊಟ್ಟ ಆಸ್ಪತ್ರೆಗೆ ಒಂದು ಫೋನ್.

ಸರ್ಕಾರಕ್ಕೆ ಹೊಸ ಶಿಬಿರ, ಹೊಸ ಯೋಜನೆ ಕೇಳುತ್ತಿಲ್ಲ. ಇಷ್ಟು ಅಪರೂಪದ ರೋಗಕ್ಕೆ ಊರೂರು ತಪಾಸಣೆ ದುಂದು. ಆದರೆ ಕುಷ್ಠರೋಗ ಪತ್ತೆಗಾಗಿ ಆಶಾ ಕಾರ್ಯಕರ್ತೆಯರು ಹೇಗೂ ಮನೆಮನೆಗೆ ಹೋಗಿ ಮೈಮೇಲಿನ ಮಚ್ಚೆ ನೋಡುತ್ತಾರೆ, ಸಕ್ಕರೆ ಕಾಯಿಲೆಯವರ ಪಾದವನ್ನು ವರ್ಷಕ್ಕೊಮ್ಮೆಯಾದರೂ ನೋಡಬೇಕೆಂಬ ನಿಯಮವೂ ಇದೆ. ಕಾಲು ಎತ್ತಿಸಿ ಅಂಗಾಲು, ಬೆರಳ ಸಂದು, ಉಗುರು ನೋಡಲು ಹೆಚ್ಚೆಂದರೆ ಒಂದು ನಿಮಿಷ. ಮಚ್ಚೆ ತೆಗೆಯುವ ಕ್ಲಿನಿಕ್ಕುಗಳಿಗೆ ಮಾತ್ರ ಒಂದು ಕಟ್ಟಳೆ ಬೇಕು: ಅಂಗಾಲು, ಅಂಗೈ, ಉಗುರಿನಿಂದ ತೆಗೆದ ಕಪ್ಪು ತುಣುಕನ್ನು ಲ್ಯಾಬಿಗೆ ಕಳಿಸದೆ ಎಸೆಯುವಂತಿಲ್ಲ, ಸುಡುವಂತಿಲ್ಲ. ಕರಪತ್ರ ಹಂಚುವವರು ಆ ಒಂದು ಸಾಲನ್ನು ಅದರಲ್ಲೇ ಅಚ್ಚು ಹಾಕಿಸಲಿ.

ಸಂಶಯ ಇರುವವರು ಹೋಗಬಹುದಾದ ಕಡೆ: ಜಿಲ್ಲಾ ಆಸ್ಪತ್ರೆ ಅಥವಾ ವೈದ್ಯಕೀಯ ಕಾಲೇಜಿನ ಚರ್ಮರೋಗ ವಿಭಾಗ, ಅಲ್ಲಿಂದ ಬೆಂಗಳೂರಿನ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆಯಂತಹ ಕ್ಯಾನ್ಸರ್ ಕೇಂದ್ರ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಇದೆ; ಎಪಿಎಲ್‌ನವರಿಗೆ ಪ್ಯಾಕೇಜ್ ದರದ 30%, ವರ್ಷಕ್ಕೆ ಒಂದೂವರೆ ಲಕ್ಷದವರೆಗೆ. ಹೋಗುವಾಗ ರೇಷನ್ ಕಾರ್ಡ್, ಆಧಾರ್, ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿಯ ಜತೆ ಮೊದಲ ಬಯಾಪ್ಸಿಯ ವರದಿಯಷ್ಟೇ ಅಲ್ಲದೆ ಗಾಜಿನ ಸ್ಲೈಡುಗಳನ್ನೂ ಮೇಣದ ಬ್ಲಾಕನ್ನೂ ಲ್ಯಾಬಿನಿಂದ ಕೇಳಿ ಪಡೆದುಕೊಳ್ಳಿ. ಜೀನ್ ಪರೀಕ್ಷೆ ಆ ಬ್ಲಾಕಿನಿಂದಲೇ ಆಗಬೇಕು. ಬೇಸಿಗೆಯ ಬಸ್ಸಿನಲ್ಲಿ ಬಿಸಿಲು ಬೀಳುವ ಕಿಟಕಿಯ ಬಳಿ ಇಟ್ಟರೆ ಮೇಣ ಮೆತ್ತಗಾಗುತ್ತದೆ, ಚೀಲದ ಒಳಗಿರಲಿ.

ಇಂತಿ,
ಚರ್ಮರೋಗ, ಶಸ್ತ್ರಚಿಕಿತ್ಸೆ ಮತ್ತು ಪೆಥಾಲಜಿ ವಿಭಾಗದ ಮೂವರು ವೈದ್ಯರು
ಹುಬ್ಬಳ್ಳಿ